ದಿನಕ್ಕೊಂದು ಗಂಟೆ ಚರಿತ್ರೆ

ಕೆಎಎಸ್, ಐಎಎಸ್ ಪರೀಕ್ಷೆಗೆ ಕುಳಿತವರಲ್ಲಿ ಹಲವರಿಗೆ ಇತಿಹಾಸವೆಂದರೆ ಇಸವಿಗಳ ಉರು. ಆದರೆ ಪ್ರಶ್ನೆಪತ್ರಿಕೆ ಕೇಳುವುದು ಇಸವಿಗಳ ನಡುವಿನ ಸಂಬಂಧವನ್ನು. ಅದನ್ನು ಕಾಣುವ ಕಣ್ಣು ಒಂದೇ ತಿಂಗಳಲ್ಲಿ ಬರುವುದಿಲ್ಲ, ದಿನವೂ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ.

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಕಿತ್ತೂರು ಸಂಸ್ಥಾನದ ದತ್ತು ಸ್ವೀಕಾರವನ್ನು ಕಂಪನಿ ಸರ್ಕಾರ ಒಪ್ಪದೆ ಹೋದಾಗ ಗವರ್ನರ್ ಜನರಲ್ ಯಾರಾಗಿದ್ದರು? ಆಯ್ಕೆಗಳು ನಾಲ್ಕು: ವೆಲ್ಲೆಸ್ಲಿ, ಆಮ್ಹರ್ಸ್ಟ್, ಬೆಂಟಿಂಕ್, ಡಾಲ್‌ಹೌಸಿ.

‘ದತ್ತು’ ಎಂದು ಓದಿದ ತಕ್ಷಣ ಕೈ ಡಾಲ್‌ಹೌಸಿಯ ಕಡೆಗೆ ಹೋಗುತ್ತದೆ. ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯ ಪಕ್ಕದಲ್ಲಿ ಅವನ ಹೆಸರನ್ನು ಪ್ರೌಢಶಾಲೆಯಿಂದಲೂ ಓದಿಕೊಂಡು ಬಂದಿದ್ದೇವೆ. ಕಿತ್ತೂರಿನ ಚೆನ್ನಮ್ಮ ಕಂಪನಿಯ ಸೈನ್ಯವನ್ನು ಎದುರಿಸಿದ್ದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದದ್ದು 1824ರ ಅಕ್ಟೋಬರ್‌ನಲ್ಲಿ ಎಂಬುದೂ ಗೊತ್ತು. ಡಾಲ್‌ಹೌಸಿ ಭಾರತಕ್ಕೆ ಬಂದದ್ದು 1848ರಲ್ಲಿ. ಎರಡು ಇಸವಿಗಳೂ ತಲೆಯಲ್ಲಿವೆ, ಆದರೆ ಎರಡನ್ನೂ ಒಂದೇ ಗೆರೆಯ ಮೇಲೆ ಇಟ್ಟು ನೋಡಿಲ್ಲ. ಹಾಗೆ ನೋಡಿದವರಿಗೆ 1823ರಿಂದ 1828ರವರೆಗೆ ಅಧಿಕಾರದಲ್ಲಿದ್ದ ಆಮ್ಹರ್ಸ್ಟ್ ಸರಿಯುತ್ತರವೆಂದು ತಿಳಿಯುತ್ತದೆ. ಅದಕ್ಕಿಂತ ದೊಡ್ಡ ಸಂಗತಿಯೊಂದೂ ಹೊಳೆಯುತ್ತದೆ: ಡಾಲ್‌ಹೌಸಿ ದೇಶದಾದ್ಯಂತ ಜಾರಿಗೆ ತಂದ ನೀತಿಯ ಪೂರ್ವರೂಪವನ್ನು ಕಿತ್ತೂರು ಕಾಲು ಶತಮಾನ ಮೊದಲೇ ಅನುಭವಿಸಿತ್ತು.

ಇತಿಹಾಸದ ಅಭ್ಯಾಸವೆಂದರೆ ಇದು. ಬಿಡಿ ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟು, ಯಾವುದು ಮೊದಲು, ಯಾವುದು ಆಮೇಲೆ, ಯಾವುದರಿಂದ ಯಾವುದು ಹುಟ್ಟಿತು ಎಂದು ದಿನವೂ ಕೇಳಿಕೊಳ್ಳುವುದು. ಬೆಂಗಳೂರಿನ ವಿಜಯನಗರದಲ್ಲಿ, ಧಾರವಾಡದ ಸಪ್ತಾಪುರದಲ್ಲಿ, ದೂರದ ದೆಹಲಿಯ ರಾಜಿಂದರ್ ನಗರದಲ್ಲಿ ಪಿಜಿ ಕೋಣೆ ಹಿಡಿದು ಓದುತ್ತಿರುವ ನಮ್ಮ ಮಕ್ಕಳಿಗೆ, ಊರಲ್ಲೇ ಉಳಿದು ಕೆಲಸದ ಜೊತೆಗೆ ಓದು ಸಾಗಿಸುತ್ತಿರುವವರಿಗೆ ಹೇಳಬೇಕಾದ ಮುಖ್ಯ ಮಾತೂ ಇದೇ.

ಪ್ರಶ್ನೆಪತ್ರಿಕೆ ಏನು ಬಯಸುತ್ತದೆ?

ಯುಪಿಎಸ್‌ಸಿ ಪ್ರಿಲಿಮ್ಸ್‌ನ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ. ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಮೂರನೇ ಒಂದು ಭಾಗ ಕಡಿತ. ಈ ಲೆಕ್ಕವನ್ನು ಒಮ್ಮೆ ಕೂತು ಬಿಡಿಸಿ ನೋಡಬೇಕು. ಏನೂ ಗೊತ್ತಿಲ್ಲದೆ ನಾಲ್ಕರಲ್ಲಿ ಒಂದನ್ನು ಗುರುತು ಹಾಕುತ್ತಾ ಹೋದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ತೆಗೆದುಹಾಕಲು ಬಂದರೆ ಪ್ರತಿ ಪ್ರಶ್ನೆಗೆ ಸರಾಸರಿ 0.22 ಅಂಕ ಕೈ ಸೇರುತ್ತದೆ. ಎರಡನ್ನು ತೆಗೆದುಹಾಕಬಲ್ಲವರಿಗೆ 0.67 ಅಂಕ. ಪೂರ್ತಿ ಉತ್ತರ ಗೊತ್ತಿಲ್ಲದಿದ್ದರೂ ಯಾವುದು ಸಾಧ್ಯವಿಲ್ಲ ಎಂಬುದು ಗೊತ್ತಿದ್ದರೆ ಅದಕ್ಕೂ ಬೆಲೆಯಿದೆ. ಕಾಲಕ್ರಮ ಗಟ್ಟಿಯಾಗಿರುವವರಿಗೆ ಇತಿಹಾಸದ ಪ್ರಶ್ನೆಗಳಲ್ಲಿ ಈ ಅನುಕೂಲ ಪದೇ ಪದೇ ಸಿಗುತ್ತದೆ. 1799ರಲ್ಲಿ ಮಡಿದ ಟಿಪ್ಪು 1802ರ ಒಪ್ಪಂದಕ್ಕೆ ಸಹಿ ಹಾಕಿದ ಎಂದು ಯಾವುದಾದರೂ ಹೇಳಿಕೆ ಹೇಳಿದರೆ, ಆ ಒಪ್ಪಂದದ ವಿವರ ತಿಳಿಯದವರೂ ಅದನ್ನು ಹೊಡೆದುಹಾಕಬಹುದು.

ಕೆಎಎಸ್‌ಗೆ, ಅಂದರೆ ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ಸ್ ಪರೀಕ್ಷೆಗೆ, ಕರ್ನಾಟಕದ ಚರಿತ್ರೆಯ ಓದು ಇನ್ನಷ್ಟು ಆಳವಾಗಿ ಬೇಕು. ಕದಂಬರಿಂದ ಏಕೀಕರಣದವರೆಗಿನ ದಾರಿಯನ್ನು ಪಠ್ಯದ ಒಂದು ಮೂಲೆಯಾಗಿ ನೋಡದೆ ನಡುಮನೆಯಾಗಿ ನೋಡಬೇಕು. ಯುಪಿಎಸ್‌ಸಿ ಮೇನ್ಸ್‌ನ ಮೊದಲ ಸಾಮಾನ್ಯ ಅಧ್ಯಯನ ಪತ್ರಿಕೆಯಲ್ಲಿ ಭಾರತೀಯ ಸಂಸ್ಕೃತಿ, 18ನೇ ಶತಮಾನದ ನಡುಭಾಗದಿಂದ ಈಚಿನ ಇತಿಹಾಸ, ಸ್ವಾತಂತ್ರ್ಯ ಹೋರಾಟ, ಸ್ವಾತಂತ್ರ್ಯಾನಂತರದ ದೇಶ ಕಟ್ಟುವಿಕೆ, ಜೊತೆಗೆ ಜಗತ್ತಿನ ಇತಿಹಾಸವೂ ಇದೆ. ಅಲ್ಲಿ 20 ಪ್ರಶ್ನೆಗಳಿಗೆ ಮೂರು ಗಂಟೆ, ಅಂದರೆ ಒಂದಕ್ಕೆ ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷದಲ್ಲಿ ಯೋಚನೆಯನ್ನು ಹೊಸದಾಗಿ ಹುಟ್ಟಿಸಲು ಪುರುಸೊತ್ತಿಲ್ಲ. ದಿನವೂ ಮಾಡಿದ ಅಭ್ಯಾಸವೇ ಕೈಹಿಡಿಯಬೇಕು.

ಒಂದು ಗಂಟೆಯನ್ನು ಹಂಚುವ ಬಗೆ

ನೆನಪು ಹೇಗೆ ಸೋರಿಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಗಂಟೆಗಳಲ್ಲೇ ಮರೆವು ವೇಗವಾಗಿ ಸಾಗುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂಬುದು ಅವನ ಕಾಣ್ಕೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಮತ್ತೊಂದು ಸಂಗತಿಯನ್ನು ತೋರಿಸಿಕೊಟ್ಟರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರ ಅವರನ್ನು ಹಿಂದಿಕ್ಕಿದರು. ನಮ್ಮ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ, ತಿಂಗಳುಗಳ ನಂತರ ಬರುತ್ತದೆ. ಗೆರೆ ಎಳೆದು ಎಳೆದು ಪುಟವನ್ನೆಲ್ಲ ಹಳದಿ ಮಾಡುವುದಕ್ಕಿಂತ ಪುಟ ಮುಚ್ಚಿ ಹತ್ತು ಸಾಲು ಬರೆಯುವುದು ಏಕೆ ಮೇಲು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹೀಗಾಗಿ ಇತಿಹಾಸದ ಒಂದು ಗಂಟೆಯನ್ನು ನಾಲ್ಕು ಪಾಲು ಮಾಡಿಕೊಳ್ಳಬಹುದು. ಮೊದಲ ಹತ್ತು ನಿಮಿಷ ನಿನ್ನೆಯ ಪಾಠವನ್ನು ಪುಸ್ತಕ ನೋಡದೆ ಬರೆಯುವುದು. ನಂತರದ ಇಪ್ಪತ್ತೈದು ನಿಮಿಷ ಹೊಸ ಓದು. ಮುಂದಿನ ಹದಿನೈದು ನಿಮಿಷ ಅದೇ ಭಾಗದ ಹತ್ತೋ ಹನ್ನೆರಡೋ ಬಹು ಆಯ್ಕೆ ಪ್ರಶ್ನೆಗಳು, ಅವುಗಳಲ್ಲಿ ಅರ್ಧದಷ್ಟಾದರೂ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯವು. ಕೊನೆಯ ಹತ್ತು ನಿಮಿಷ ತಪ್ಪಿನ ಪುಸ್ತಕಕ್ಕೆ.

ತಪ್ಪಿನ ಪುಸ್ತಕ ಈ ಅಭ್ಯಾಸದ ಜೀವಾಳ. ಸರಿಯುತ್ತರವನ್ನಷ್ಟೇ ಅದರಲ್ಲಿ ಬರೆದರೆ ಪ್ರಯೋಜನ ಕಡಿಮೆ. ಏಕೆ ತಪ್ಪಿದೆ ಎಂಬುದನ್ನು ಬರೆಯಬೇಕು. ಸಂಗತಿಯೇ ಗೊತ್ತಿರಲಿಲ್ಲವೇ? ಗೊತ್ತಿದ್ದ ಎರಡು ಸಂಗತಿಗಳು ಅದಲುಬದಲಾದವೇ? ಪ್ರಶ್ನೆಯಲ್ಲಿದ್ದ ‘ಸರಿಯಲ್ಲದ’ ಎಂಬ ಪದ ಕಣ್ತಪ್ಪಿತೇ? ‘ಮಾತ್ರ’, ‘ಎಲ್ಲ’, ‘ಮೊಟ್ಟಮೊದಲ’ ಎಂಬ ಪದಗಳಿಗೆ ಮೋಸಹೋದಿರೇ? ಒಂದೆರಡು ತಿಂಗಳು ಇದನ್ನು ನಿಷ್ಠೆಯಿಂದ ಮಾಡಿದವರಿಗೆ ತಮ್ಮ ತಪ್ಪುಗಳಿಗೂ ಒಂದು ಜಾಡು ಇರುವುದು ಕಾಣುತ್ತದೆ. ಆ ಜಾಡು ಕಂಡ ಮೇಲೆ ಓದು ಎಲ್ಲಿ ಬೇಕು ಎಂದು ಬೇರೆಯವರು ಹೇಳಬೇಕಾಗಿಲ್ಲ.

ವಾರದ ಲೆಕ್ಕವೂ ಇರಲಿ. ಸೋಮವಾರ ಪ್ರಾಚೀನ, ಮಂಗಳವಾರ ಮಧ್ಯಕಾಲೀನ, ಬುಧವಾರ ಮತ್ತು ಗುರುವಾರ ಆಧುನಿಕ ಭಾರತ, ಶುಕ್ರವಾರ ಕರ್ನಾಟಕ, ಶನಿವಾರ ಕಲೆ ಮತ್ತು ಸಂಸ್ಕೃತಿ. ಭಾನುವಾರ ಹೊಸದೇನೂ ಬೇಡ. ವಾರದ ತಪ್ಪುಗಳನ್ನು ಮತ್ತೆ ಬಿಡಿಸಿ, ಮೇನ್ಸ್ ಮಾದರಿಯ ಒಂದು ಉತ್ತರ ಬರೆದರೆ ಸಾಕು. ಪ್ರತಿ ಸಂಗತಿಯೂ ಮರುದಿನ, ವಾರದ ಕೊನೆಗೆ, ತಿಂಗಳ ಕೊನೆಗೆ ಹೀಗೆ ಮೂರು ಸಲವಾದರೂ ಕಣ್ಣ ಮುಂದೆ ಬರಬೇಕು. ಬೆಳೆಗೆ ನೀರು ಸರದಿಯಂತೆ ಹದವಾಗಿ ಹಾಯಬೇಕು, ಒಂದೇ ದಿನ ಹೊಲ ಮುಳುಗುವಷ್ಟು ಬಿಟ್ಟರೆ ಬೇರಿಗೆ ಇಳಿಯುವುದು ಸ್ವಲ್ಪವೇ. ಓದಿಗೂ ಆ ಹದ ಬೇಕು.

ಬಾದಾಮಿಯಿಂದ ಎಲ್ಲೋರಕ್ಕೆ ಒಂದು ದಾರಿ

ಕಲೆ ಮತ್ತು ವಾಸ್ತುಶಿಲ್ಪ ಎಂದರೆ ಅನೇಕರಿಗೆ ಭಯ. ದೇವಾಲಯ, ಕಟ್ಟಿಸಿದವರು, ಊರು, ಶೈಲಿ ಎಂದು ನಾಲ್ಕು ಅಂಕಣದ ಪಟ್ಟಿ ಮಾಡಿಕೊಂಡು ಅದರಲ್ಲೇ ಕಳೆದುಹೋಗುತ್ತಾರೆ. ಪಟ್ಟಿಯ ಜಾಗದಲ್ಲಿ ಕಥೆಯನ್ನಿಟ್ಟು ನೋಡಿ.

ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ ಶಾಸನವಿದೆ, ವರ್ಷ 578. ಅವನ ನಂತರ ಬಂದ ಇಮ್ಮಡಿ ಪುಲಿಕೇಶಿ ಉತ್ತರದ ಹರ್ಷನನ್ನು ತಡೆದ, ದಕ್ಷಿಣದಲ್ಲಿ ಪಲ್ಲವರ ಮಹೇಂದ್ರವರ್ಮನ ಮೇಲೆ ಯುದ್ಧ ಹೂಡಿದ. ಮಹೇಂದ್ರವರ್ಮನ ಮಗ ನರಸಿಂಹವರ್ಮ 642ರ ಹೊತ್ತಿಗೆ ಬಾದಾಮಿಗೇ ನುಗ್ಗಿ ಸೇಡು ತೀರಿಸಿಕೊಂಡ. ಸುಮಾರು ನೂರು ವರ್ಷಗಳ ನಂತರ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದರೂ ಊರನ್ನು ಹಾಳುಗೆಡವಲಿಲ್ಲ, ಅಲ್ಲಿನ ಕೈಲಾಸನಾಥ ದೇವಾಲಯದ ಕಂಬದ ಮೇಲೆ ಕನ್ನಡದಲ್ಲಿ ಶಾಸನ ಬರೆಸಿದ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ದೇವಾಲಯ ಕಟ್ಟಿಸಿದಳು. ಅವಳ ತಂಗಿ ತ್ರೈಲೋಕ್ಯಮಹಾದೇವಿಯಿಂದ ಪಕ್ಕದಲ್ಲೇ ಮಲ್ಲಿಕಾರ್ಜುನ ದೇವಾಲಯ ಎದ್ದಿತು. ಮುಂದೆ ರಾಷ್ಟ್ರಕೂಟರ ದಂತಿದುರ್ಗ ಚಾಲುಕ್ಯರನ್ನು ಸೋಲಿಸಿದ. ಅವನ ನಂತರದ ಒಂದನೇ ಕೃಷ್ಣನ ಕಾಲದಲ್ಲಿ ಎಲ್ಲೋರದ ಬಂಡೆಯಲ್ಲಿ ಕೈಲಾಸನಾಥ ದೇವಾಲಯ ಮೂಡಿತು. ಪಟ್ಟದಕಲ್ಲಿನ ವಿರೂಪಾಕ್ಷದ ವಿನ್ಯಾಸಕ್ಕೂ ಎಲ್ಲೋರದ್ದಕ್ಕೂ ಇರುವ ಹೋಲಿಕೆಯನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಒಂದು ಯುದ್ಧ, ಒಂದು ಸೇಡು, ಒಬ್ಬ ರಾಣಿಯ ಹರಕೆ, ಒಂದು ವಂಶದ ಪತನ ಇವೆಲ್ಲ ಕೂಡಿ ದ್ರಾವಿಡ ಶೈಲಿ ಕಂಚಿಯಿಂದ ಮಲಪ್ರಭೆಗೆ, ಅಲ್ಲಿಂದ ಎಲ್ಲೋರಕ್ಕೆ ನಡೆದ ದಾರಿ ಕಾಣಿಸಿತು. ಹೀಗೆ ಓದಿದವರನ್ನು ‘ಕಾಲಾನುಕ್ರಮದಲ್ಲಿ ಜೋಡಿಸಿ’ ಎಂಬ ಪ್ರಶ್ನೆ ಹೆದರಿಸುವುದಿಲ್ಲ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅದರ ಹಿಂದಿನ ವರ್ಷ ಹಂಪಿ, 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು. ಪ್ರಚಲಿತ ವಿದ್ಯಮಾನದ ಪ್ರಶ್ನೆಗಳು ಇತಿಹಾಸದ ಅಂಗಳಕ್ಕೆ ಕಾಲಿಡುವುದು ಇಂಥ ಕಡೆಗಳಲ್ಲೇ.

ನಕ್ಷೆಯೂ ಹೀಗೆಯೇ ಮಾತನಾಡುತ್ತದೆ. ಕರ್ನಾಟಕದ ಖಾಲಿ ನಕ್ಷೆಯಲ್ಲಿ ಅಶೋಕನ ಶಾಸನಗಳ ಜಾಗಗಳನ್ನು ಗುರುತಿಸಿ: ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ನಿಟ್ಟೂರು, ಉದೆಗೊಳಂ, ಸನ್ನತಿ. ಬಹುಪಾಲು ಚುಕ್ಕೆಗಳು ರಾಯಚೂರು, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗದ ಸೀಮೆಯಲ್ಲಿ ಗುಂಪುಗೂಡುತ್ತವೆ. ಏಕೆ ಎಂದು ಕೇಳಿಕೊಳ್ಳಿ. ಮೌರ್ಯರ ದಕ್ಷಿಣ ಪ್ರಾಂತ್ಯದ ಕೇಂದ್ರದ ಹೆಸರು ಸುವರ್ಣಗಿರಿ, ಅದರ ಉಲ್ಲೇಖ ಬ್ರಹ್ಮಗಿರಿಯ ಶಾಸನದಲ್ಲಿದೆ. ಹಟ್ಟಿಯ ಚಿನ್ನದ ಗಣಿ ಇಂದಿಗೂ ರಾಯಚೂರು ಜಿಲ್ಲೆಯಲ್ಲಿದೆ. 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡುಹಿಡಿದ ಬೀಡನ್ ಕೂಡ ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಎಂಜಿನಿಯರ್. ‘ದೇವಾನಾಂಪ್ರಿಯ’ ಎಂದು ಎಲ್ಲೆಡೆ ಕರೆಸಿಕೊಂಡ ಅರಸ ಅಶೋಕನೇ ಎಂಬುದಕ್ಕೆ ಅವನ ಹೆಸರನ್ನೇ ಹೊತ್ತ ಶಾಸನ ಮೊದಲು ಸಿಕ್ಕಿದ್ದು ಅಲ್ಲಿ. ಒಂಬತ್ತು ಊರುಗಳ ಹೆಸರನ್ನು ಉರುಹೊಡೆಯುವ ಶ್ರಮದಲ್ಲಿ ಒಂದು ಸಾಮ್ರಾಜ್ಯದ ಅರ್ಥವ್ಯವಸ್ಥೆಯೇ ಅರ್ಥವಾಗುತ್ತದೆ.

ಯಾರು ಹೇಳಿದರು, ಹೇಗೆ ಗೊತ್ತು?

ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಬರೆದ ಶಾಸನವಿದೆ. ಶಕ 556, ಅಂದರೆ ಕ್ರಿ.ಶ. 634. ಪುಲಿಕೇಶಿಯ ಎದುರು ಹರ್ಷ ಹರ್ಷ ಕಳೆದುಕೊಂಡ ಸಂಗತಿ ಅಲ್ಲಿಂದಲೇ ನಮಗೆ ತಿಳಿದದ್ದು. ಅಭ್ಯರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ರವಿಕೀರ್ತಿ ಪುಲಿಕೇಶಿಯ ಆಶ್ರಯದಲ್ಲಿದ್ದ ಕವಿ. ತನ್ನ ದೊರೆಯನ್ನು ಹೊಗಳುವುದು ಪ್ರಶಸ್ತಿಯ ಕೆಲಸ. ಹಾಗಿದ್ದ ಮೇಲೆ ಅವನ ಮಾತನ್ನು ನಂಬುವುದು ಹೇಗೆ? ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಕೂಡ ಈ ದಕ್ಷಿಣದ ರಾಜನನ್ನು ಹರ್ಷನಿಗೆ ಮಣಿಸಲಾಗಲಿಲ್ಲ ಎಂದು ದಾಖಲಿಸಿದ್ದಾನೆ. ಎದುರು ಪಾಳಯದ ಆಪ್ತನೇ ಒಪ್ಪಿದ ಮೇಲೆ ಆ ಸಂಗತಿಗೆ ತೂಕ ಬರುತ್ತದೆ.

ಅದೇ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ ಮತ್ತು ಭಾರವಿಗೆ ಹೋಲಿಸಿಕೊಂಡಿದ್ದಾನೆ. ಆ ಇಬ್ಬರು ಕವಿಗಳು 634ಕ್ಕಿಂತ ಹಿಂದಿನವರು ಎಂದು ನಿರ್ಧರಿಸಲು ಸಾಹಿತ್ಯ ಚರಿತ್ರೆಕಾರರು ಈ ಕಲ್ಲನ್ನೇ ಆಧಾರವಾಗಿಸಿಕೊಂಡರು. ರಾಜಕೀಯ, ಸಾಹಿತ್ಯ, ಜೈನ ಧರ್ಮ, ವಾಸ್ತುಶಿಲ್ಪ ಹೀಗೆ ನಾಲ್ಕು ವಿಭಾಗದ ಪ್ರಶ್ನೆಗಳಿಗೆ ಒಂದೇ ಶಾಸನ ಉತ್ತರ ಕೊಡುತ್ತದೆ. ದಿನಕ್ಕೊಂದು ಆಕರವನ್ನು ಹೀಗೆ ಹಿಡಿದು ನೋಡುವುದಾದರೆ, ಹಲ್ಮಿಡಿ ಶಾಸನದಿಂದ ಹಿಡಿದು ಸಂವಿಧಾನ ಸಭೆಯ ಚರ್ಚೆಗಳವರೆಗೆ ಓದಲು ಬೇಕಾದಷ್ಟಿದೆ.

ಪರೀಕ್ಷೆಗೂ ಒಂದು ಚರಿತ್ರೆಯಿದೆ

ತಾವು ಬರೆಯುತ್ತಿರುವ ಪರೀಕ್ಷೆ ಎಲ್ಲಿಂದ ಬಂತು ಎಂಬುದನ್ನು ಅಭ್ಯರ್ಥಿ ತಿಳಿದಿರಬೇಕು. ಅದು ಪಠ್ಯದೊಳಗೇ ಇದೆ. 1853ರ ಚಾರ್ಟರ್ ಕಾಯ್ದೆ ಕಂಪನಿಯ ನಿರ್ದೇಶಕರು ತಮಗೆ ಬೇಕಾದವರನ್ನು ನೇಮಿಸುವ ಪದ್ಧತಿಗೆ ಕೊನೆ ಹಾಡಿತು. 1854ರಲ್ಲಿ ಮೆಕಾಲೆ ಸಮಿತಿಯ ವರದಿ, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಮುಕ್ತ ಸ್ಪರ್ಧಾತ್ಮಕ ಪರೀಕ್ಷೆ. 1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಅದರಲ್ಲಿ ಆಯ್ಕೆಯಾದ ಮೊದಲ ಭಾರತೀಯರಾದರು. ಸಮುದ್ರ ದಾಟಿ, ಪರದೇಶದಲ್ಲಿ ಓದಿ, ಅವರದೇ ವಿಷಯಗಳಲ್ಲಿ ಅವರನ್ನು ಮೀರಿಸಬೇಕಿದ್ದ ಕಾಲ ಅದು.

23 ಇದ್ದ ಗರಿಷ್ಠ ವಯೋಮಿತಿಯನ್ನು ಇಳಿಸುತ್ತ ಇಳಿಸುತ್ತ 1870ರ ದಶಕದ ಕೊನೆಗೆ 19ಕ್ಕೆ ತಂದರು. ಭಾರತದ ಹುಡುಗರಿಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಯಿತು. ಇದರ ವಿರುದ್ಧ ಸುರೇಂದ್ರನಾಥ ಬ್ಯಾನರ್ಜಿ ಊರೂರು ತಿರುಗಿ ಸಭೆಗಳನ್ನು ನಡೆಸಿದರು. ಅವರ ಇಂಡಿಯನ್ ಅಸೋಸಿಯೇಷನ್ ಕಟ್ಟಿದ ಆ ಚಳವಳಿ ಬೇರೆ ಬೇರೆ ಪ್ರಾಂತ್ಯಗಳ ವಿದ್ಯಾವಂತರನ್ನು ಒಂದೇ ಬೇಡಿಕೆಯ ಸುತ್ತ ಸೇರಿಸಿತು. 1885ರಲ್ಲಿ ಕಾಂಗ್ರೆಸ್ ಹುಟ್ಟಿದಾಗ, ಪರೀಕ್ಷೆ ಭಾರತದಲ್ಲೂ ಏಕಕಾಲಕ್ಕೆ ನಡೆಯಬೇಕು ಎಂಬುದು ಅದರ ಮೊದಲ ಅಧಿವೇಶನದ ಬೇಡಿಕೆಗಳಲ್ಲಿ ಸೇರಿತ್ತು. ಅದು ಈಡೇರಿದ್ದು 1922ರಲ್ಲಿ, ಅಲಹಾಬಾದಿನಲ್ಲಿ. 1926ರಲ್ಲಿ ಕೇಂದ್ರದ ಲೋಕಸೇವಾ ಆಯೋಗ ರಚನೆಯಾಯಿತು. ಇಂದಿನ ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಎಂಬ ಮೂರು ಹಂತಗಳು ಕೊಠಾರಿ ಸಮಿತಿಯ ಶಿಫಾರಸಿನಂತೆ 1979ರಲ್ಲಿ ಬಂದವು.

ಒಂದು ಪರೀಕ್ಷೆಯ ವಯೋಮಿತಿಯ ಪ್ರಶ್ನೆ ರಾಷ್ಟ್ರೀಯ ಚಳವಳಿಯ ಬೀಜಗಳಲ್ಲೊಂದಾಯಿತು. ಇಂದು ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಕುಳಿತು ಅರ್ಜಿ ತುಂಬುವ ಹುಡುಗಿಗೆ ಆ ಹಕ್ಕು ಮೂರು ತಲೆಮಾರುಗಳ ಹೋರಾಟದಿಂದ ಬಂದಿದೆ. ಅದನ್ನು ತಿಳಿದು ಓದುವವರ ಓದಿಗೆ ಬೇರೆಯದೇ ಗಾಂಭೀರ್ಯವಿರುತ್ತದೆ.

ಬರೆದು ಬರೆದು ಬರುವ ಉತ್ತರ

ಭಾನುವಾರದ ಉತ್ತರಕ್ಕೆ ಒಂದು ವಿಷಯ ತೆಗೆದುಕೊಳ್ಳೋಣ: ‘1830–31ರ ನಗರ ದಂಗೆ ರೈತರ ಸಂಕಟದಿಂದ ಹುಟ್ಟಿತೇ, ಅಧಿಕಾರದ ಆಸೆಯಿಂದಲೇ? ಚರ್ಚಿಸಿ.’

ಬೂದಿ ಬಸವಪ್ಪ ನಾಯಕ, ಮುಮ್ಮಡಿ ಕೃಷ್ಣರಾಜ ಒಡೆಯರು, ಬೆಂಟಿಂಕ್ ಎಂದು ಹೆಸರುಗಳನ್ನು ಜೋಡಿಸಿದ ಮಾತ್ರಕ್ಕೆ ಉತ್ತರವಾಗುವುದಿಲ್ಲ. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಕಂಪನಿಗೆ ಕಟ್ಟಬೇಕಿತ್ತು. ಆ ಹೊರೆ ಖಜಾನೆಯಿಂದ ಇಳಿದು ಅಮಲ್ದಾರರ ಮೇಲೆ, ಅಮಲ್ದಾರರಿಂದ ರೈತರ ಮೇಲೆ ಬಿತ್ತು. ಇಂತಿಷ್ಟು ಕಂದಾಯ ವಸೂಲು ಮಾಡಿಯೇ ಕೊಡುತ್ತೇನೆಂದು ಅಮಲ್ದಾರ ಒಪ್ಪಿಕೊಳ್ಳುವ ‘ಶರತ್ತು’ ಪದ್ಧತಿ ಹಳ್ಳಿಗಳನ್ನು ಹಿಂಡಿತು. ಅದೇ ಹೊತ್ತಿಗೆ ಕೆಳದಿ ನಾಯಕರ ಗದ್ದುಗೆ ತನ್ನದೆನ್ನುವವನೊಬ್ಬ ಮುಂದೆ ಬಂದ. ರೈತರ ಸಿಟ್ಟು ಮೊದಲೇ ಇತ್ತು, ಆ ಸಿಟ್ಟಿಗೆ ಒಂದು ಹೆಸರು ಸಿಕ್ಕಿತು. ದಂಗೆಯ ನೆಪದಲ್ಲಿ 1831ರಲ್ಲಿ ಕಂಪನಿ ಆಡಳಿತವನ್ನು ಕೈಗೆ ತೆಗೆದುಕೊಂಡಿತು, ಒಡೆಯರಿಗೆ ಅದು ಮರಳಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು.

ಕಾರಣ, ಕಿಡಿ, ಪರಿಣಾಮ, ದೂರದ ಪರಿಣಾಮ. ಈ ನಾಲ್ಕು ಮೆಟ್ಟಿಲುಗಳ ಮೇಲೆ 250 ಪದಗಳನ್ನು ನಿಲ್ಲಿಸಲು ಕಲಿತವರು ಹಲಗಲಿಯ ಬೇಡರ ಬಂಡಾಯವನ್ನಾಗಲಿ, ಫ್ರಾನ್ಸಿನ ಕ್ರಾಂತಿಯನ್ನಾಗಲಿ ಅದೇ ಶಿಸ್ತಿನಿಂದ ಬರೆಯಬಲ್ಲರು. ಪೆನ್ನು ಹಿಡಿದು, ಗಡಿಯಾರ ಇಟ್ಟುಕೊಂಡು, ಒಂಬತ್ತು ನಿಮಿಷಕ್ಕೆ ಮುಗಿಸುವ ಅಭ್ಯಾಸವನ್ನು ಪ್ರಿಲಿಮ್ಸ್ ಫಲಿತಾಂಶ ಬರುವವರೆಗೆ ಮುಂದೂಡಬಾರದು.

ಕನ್ನಡ ಮಾಧ್ಯಮದವರು ಇದನ್ನು ಇನ್ನೂ ಬೇಗ ಶುರು ಮಾಡಬೇಕು. ಯುಪಿಎಸ್‌ಸಿ ಮೇನ್ಸ್ ಅನ್ನು ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ, ಆದರೆ ಸಿದ್ಧ ಸಾಮಗ್ರಿ ಇಂಗ್ಲಿಷಿನಷ್ಟು ಇಲ್ಲ. ರಾಜ್ಯದ ಪಠ್ಯಪುಸ್ತಕಗಳನ್ನು ಆರನೇ ತರಗತಿಯಿಂದ ಪಿಯುಸಿವರೆಗೆ ಶ್ರದ್ಧೆಯಿಂದ ಓದಿ, ಸೂರ್ಯನಾಥ ಕಾಮತರ ಕರ್ನಾಟಕ ಇತಿಹಾಸವನ್ನು, ಜಿಲ್ಲಾ ಗೆಜೆಟಿಯರ್‌ಗಳನ್ನು ಜೊತೆಗಿಟ್ಟುಕೊಂಡರೆ ಬುನಾದಿ ಗಟ್ಟಿಯಾಗುತ್ತದೆ. ಅನುವಾದದ ತಪ್ಪುಗಳಿಂದಾಗಿ 2024ರ ಆಗಸ್ಟ್‌ನ ಕೆಎಎಸ್ ಪ್ರಿಲಿಮ್ಸ್ ಅನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ನಡೆಸಬೇಕಾಯಿತು. ಆಯೋಗಗಳು ಕನ್ನಡದ ಅಭ್ಯರ್ಥಿಗೆ ನ್ಯಾಯ ಕೊಡಲೇಬೇಕು. ಅಭ್ಯರ್ಥಿಯೂ ಮುಖ್ಯ ಪರಿಭಾಷೆಗಳನ್ನು ಎರಡೂ ಭಾಷೆಯಲ್ಲಿ ಅರಿತಿದ್ದರೆ ಪರೀಕ್ಷಾ ಕೊಠಡಿಯಲ್ಲಿ ಎಡವುವುದಿಲ್ಲ.

ಕಡತದೊಳಗಿನ ಚರಿತ್ರೆ

ಆಯ್ಕೆಯಾದ ಮೇಲೆ ಇತಿಹಾಸದ ಕೆಲಸ ಮುಗಿಯಿತು ಎಂದು ತಿಳಿಯುವವರಿದ್ದಾರೆ. ನಿಜಕ್ಕೂ ಅದರ ಕೆಲಸ ಆಗ ಶುರುವಾಗುತ್ತದೆ.

1956ರ ನವೆಂಬರ್ 1ರಂದು ಒಂದಾದ ನಮ್ಮ ರಾಜ್ಯಕ್ಕೆ ಐದು ಆಡಳಿತಗಳ ಕಡತಗಳು ಬಂದವು: ಹಳೆಯ ಮೈಸೂರು, ಮುಂಬೈ ಪ್ರಾಂತ್ಯ, ಹೈದರಾಬಾದ್, ಮದ್ರಾಸ್, ಕೊಡಗು. ಬಳ್ಳಾರಿ ಸೀಮೆಯಲ್ಲಿ ಥಾಮಸ್ ಮನ್ರೋ ನೆಲೆಗೊಳಿಸಿದ ರೈತವಾರಿ, ದಕ್ಷಿಣ ಕನ್ನಡದ ಮೂಲಗೇಣಿ ಮತ್ತು ಚಾಲಗೇಣಿ, ಕೊಡಗಿನ ಜಮ್ಮಾ ಭೂಮಿ, ನಿಜಾಮನ ಸೀಮೆಯ ಜಾಗೀರು, ಮೈಸೂರಿನ ಇನಾಂ. ಉಪವಿಭಾಗಾಧಿಕಾರಿಯ ಮೇಜಿನ ಮೇಲೆ ಬರುವ ಜಮೀನು ತಕರಾರಿನ ಬೇರು ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಇರುತ್ತದೆ. ಗೇಣಿಗೆ ಕೊಟ್ಟ ಭೂಮಿ 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕಿ ಒಡೆತನ ಪಡೆದರು. ದೇವರಾಜ ಅರಸರ ಕಾಲದ ಆ ಬದಲಾವಣೆಯ ಅರ್ಥ ತಿಳಿಯದವರಿಗೆ ಹಳೆಯ ಪಹಣಿಯ ಸಾಲುಗಳು ಬರೀ ಅಕ್ಷರಗಳು.

ಕಲ್ಯಾಣ ಕರ್ನಾಟಕಕ್ಕೆ ಹೋಗುವ ಅಧಿಕಾರಿಗೆ ಇನ್ನೊಂದು ಉದಾಹರಣೆ. ದೇಶ ಸ್ವತಂತ್ರವಾಗಿ ವರ್ಷ ಕಳೆದ ಮೇಲೆ, 1948ರ ಸೆಪ್ಟೆಂಬರ್ 17ರಂದು ಆ ಸೀಮೆ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾಯಿತು. ಶಾಲೆ, ರಸ್ತೆ, ನೀರಾವರಿಗಳಲ್ಲಿ ಹಿಂದುಳಿದ ಕಥೆ ಅಲ್ಲಿಂದ ಸಾಗಿ 2002ರ ನಂಜುಂಡಪ್ಪ ಸಮಿತಿಯ ವರದಿಗೆ, ಸಂವಿಧಾನದ 98ನೇ ತಿದ್ದುಪಡಿಗೆ, 371ಜೆ ವಿಧಿಗೆ ಬಂದು ತಲುಪುತ್ತದೆ. ಇದನ್ನು ಬಲ್ಲವರಿಗೆ ಆ ವಿಧಿಯಡಿ ಸಿಗುವ ಮೀಸಲಾತಿ ಬರೀ ಒಂದು ನಿಯಮವಾಗಿ ಕಾಣುವುದಿಲ್ಲ, ಬಹುಕಾಲದ ಬಾಕಿಯೊಂದರ ತೀರುವಳಿಯಾಗಿ ಕಾಣುತ್ತದೆ.

ಆಡಳಿತದ ಕುರ್ಚಿಯಲ್ಲಿ ಕುಳಿತೇ ಚರಿತ್ರೆಯನ್ನು ಬಾಳಿದವರು ನಮ್ಮಲ್ಲಿದ್ದರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಪಾಸು ಮಾಡಿ 1943ರವರೆಗೆ ಅಧಿಕಾರಿಯಾಗಿ ಸಂಸ್ಥಾನ ಸುತ್ತಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಬಿದನೂರಿನ ಕೊನೆಯ ದಿನಗಳನ್ನು ‘ಚೆನ್ನಬಸವನಾಯಕ’ದಲ್ಲಿ, 1834ರಲ್ಲಿ ಕೊಡಗು ಕಂಪನಿಯ ಪಾಲಾದುದನ್ನು ‘ಚಿಕವೀರ ರಾಜೇಂದ್ರ’ದಲ್ಲಿ ಕಾದಂಬರಿಯಾಗಿಸಿದರು. 1983ರ ಜ್ಞಾನಪೀಠ ಆ ಎರಡನೆಯದಕ್ಕೆ ಸಂದಿತು. ಒಂದು ರಾಜ್ಯ ಹೊರಗಿನ ಶತ್ರುವಿಗೆ ಸೋಲುವ ಮೊದಲು ಒಳಗೆ ಹೇಗೆ ಸಡಿಲವಾಗುತ್ತದೆ ಎಂಬುದನ್ನು ಬರೆಯಲು ಆಡಳಿತ ಬಲ್ಲ ಕಣ್ಣು ಬೇಕಿತ್ತು. ಮುಂಬೈ ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಕೆಲಸದ ನಡುವೆ ಶಾಸನ ಓದಲು ಕಲಿತು ಕನ್ನಡ ನಾಡಿನ ರಾಜವಂಶಗಳ ಚರಿತ್ರೆ ಬರೆದ. ಸಂಗೊಳ್ಳಿ ರಾಯಣ್ಣನ, ಹಲಗಲಿಯ ಬೇಡರ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನೂ ಅವನೇ. ತನ್ನ ಸರ್ಕಾರದ ವಿರುದ್ಧ ಹಾಡಿದ ಹಾಡುಗಳನ್ನು ಆ ಸರ್ಕಾರದ ಅಧಿಕಾರಿಯೇ ಉಳಿಸಿಕೊಟ್ಟ.

ಎಲ್ಲರಿಗೂ ಸಲ್ಲುವ ಓದು

ಲಕ್ಷಗಟ್ಟಲೆ ಜನ ಅರ್ಜಿ ಹಾಕುವ ಕಡೆ ನೂರರ ಲೆಕ್ಕದಲ್ಲಿ ಹುದ್ದೆಗಳು. ಓದಿದವರಲ್ಲಿ ಬಹುಪಾಲು ಮಂದಿ ಎಫ್‌ಡಿಎ, ಪಿಡಿಒ, ಶಿಕ್ಷಕ, ಪತ್ರಕರ್ತ, ಕೃಷಿಕ, ವ್ಯಾಪಾರಿಯಾಗಿ ಬಾಳುತ್ತಾರೆ. ಇಸವಿಗಳನ್ನು ಮಾತ್ರ ಉರುಹೊಡೆದಿದ್ದರೆ ಆ ವರ್ಷಗಳು ಅವರಿಗೆ ನಷ್ಟವೇ. ಸಾಕ್ಷಿ ಕೇಳುವುದನ್ನು, ಕಾರಣ ಹುಡುಕುವುದನ್ನು, ಹೊಗಳಿಕೆಯಿಂದ ಸತ್ಯವನ್ನು ಬೇರ್ಪಡಿಸುವುದನ್ನು ಕಲಿತಿದ್ದರೆ ಯಾವ ಫಲಿತಾಂಶವೂ ಅದನ್ನು ಕಿತ್ತುಕೊಳ್ಳಲಾರದು. ಮೊಬೈಲಿಗೆ ಬರುವ ಪ್ರತಿ ಸುಳ್ಳು ಇತಿಹಾಸದ ಮುಂದೆ ನಿಂತು, ಇದನ್ನು ಹೇಳಿದವರು ಯಾರು, ಯಾವ ಆಕರದಿಂದ ಎಂದು ಕೇಳುವ ಒಬ್ಬರು ಊರಲ್ಲಿದ್ದರೆ ಆ ಊರು ಅಷ್ಟರಮಟ್ಟಿಗೆ ಸುರಕ್ಷಿತ.

ಈ ಅಭ್ಯಾಸ ನಗರದ ಕೋಚಿಂಗ್ ಶುಲ್ಕ ಕಟ್ಟಬಲ್ಲವರಿಗೆ ಮಾತ್ರ ಮೀಸಲಾಗಬಾರದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ, ತಾಲ್ಲೂಕುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳಿವೆ, ಊರೂರಲ್ಲಿ ನಿವೃತ್ತ ಇತಿಹಾಸ ಮೇಷ್ಟ್ರುಗಳಿದ್ದಾರೆ. ಸಂಜೆ ಒಂದು ಗಂಟೆ ಬಾಗಿಲು ತೆರೆದಿಟ್ಟು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ರಾಜ್ಯದ ಪಠ್ಯಪುಸ್ತಕಗಳು, ಜಿಲ್ಲೆಯ ಗೆಜೆಟಿಯರ್, ಒಂದು ದೊಡ್ಡ ನಕ್ಷೆ ಇಟ್ಟರೆ ಸಾಕು. ಹತ್ತು ಮಂದಿ ಸುತ್ತ ಕೂತು ದಿನಕ್ಕೆ ಹತ್ತು ಪ್ರಶ್ನೆ ಬಿಡಿಸಲಿ, ಪ್ರತಿ ತಪ್ಪಿಗೂ ಕಾರಣ ಹುಡುಕಲಿ, ವಾರಕ್ಕೊಮ್ಮೆ ಊರಿನ ವೀರಗಲ್ಲನ್ನೋ ಶಾಸನವನ್ನೋ ನೋಡಿ ಬರಲಿ. ಇದಕ್ಕೆ ಸರ್ಕಾರದ ಹೊಸ ಯೋಜನೆಯೇನೂ ಬೇಡ. ಒಬ್ಬ ಗ್ರಂಥಪಾಲಕ ಮನಸ್ಸು ಮಾಡಿದರೆ, ಒಬ್ಬ ಮೇಷ್ಟ್ರು ಜೊತೆಗೆ ನಿಂತರೆ ನಾಳೆ ಸಂಜೆಯೇ ಶುರುವಾಗಬಹುದು. ಈ ನಾಡನ್ನು ಮುಂದೆ ಆಳುವವರು ಯಾರೇ ಆಗಲಿ, ಅದು ಹೇಗೆ ಇಲ್ಲಿಯವರೆಗೆ ಬಂತು ಎಂಬುದನ್ನು ಬಲ್ಲವರಾಗಿರಬೇಕು. ಆಳಿಸಿಕೊಳ್ಳುವ ನಮಗೂ ಆ ಅರಿವು ಅಷ್ಟೇ ಅಗತ್ಯ.